ಒಳಮುಖದ ಬೀಗ

ಮೆಕ್ಕೆಜೋಳದ ಕಟಾವು ಮುಗಿಯುತ್ತ ಬಂದಿತ್ತು. ಯಾವ ಅಂಗಳ ನೋಡಿದರೂ ಹಳದಿ ಕಾಳು. ಟಾರು ರಸ್ತೆಯ ಅರ್ಧವನ್ನೂ ರೈತರು ಕಣ ಮಾಡಿಕೊಂಡಿದ್ದರು. ಠಾಣೆಯ ಅಂಗಳವೂ ಪಾರಾಗಿರಲಿಲ್ಲ. ಕಾನ್‌ಸ್ಟೇಬಲ್ ಉದ್ದಣ್ಣ ಬಾವುಟದ ಕಂಬದ ಬುಡದಲ್ಲಿ ಟಾರ್ಪಾಲು ಹಾಸಿ, ಬೂಟು ಕಳಚಿ, ಖಾಕಿ ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ತನ್ನ ಮನೆಯ ಜೋಳವನ್ನು ಕಾಲಿನಿಂದ ಸಾಲು ಸಾಲಾಗಿ ಎಳೆಯುತ್ತಿದ್ದ.

"ಇದು ಠಾಣೆಯೋ ಕಣವೋ?" ಜೀಪಿನಿಂದ ಇಳಿದ ಇನ್ಸ್‌ಪೆಕ್ಟರು ಕೇಳಿದರು.

"ಎರಡೂ ಒಂದೇ ಅಲ್ವಾ ಸಾರ್. ಇಲ್ಲೂ ಬಡಿಯೋದೇ, ಅಲ್ಲೂ ಬಡಿಯೋದೇ."

ಇನ್ಸ್‌ಪೆಕ್ಟರು ನಗಲಿಲ್ಲ. ಬಗ್ಗಿ ಒಂದು ಕಾಳು ಎತ್ತಿ ದವಡೆಯಲ್ಲಿ ಕಡಿದರು. ಉತ್ತು ಬಿತ್ತಿ ಬೆಳೆದ ಮನೆಯಿಂದ ಬಂದವರು; ಕಾಳು ಹಲ್ಲಿಗೆ ಕಟ್ಟೆಂದರೆ ಒಣಗಿದೆ, ಮೆತ್ತಗಾದರೆ ಇಲ್ಲ.

"ಇನ್ನೆರಡು ಬಿಸಿಲು ಬೇಕು."

"ಕೇಸಿಗೂ ಇದನ್ನೇ ಹೇಳ್ತೀರಿ, ಕಾಳಿಗೂ ಇದನ್ನೇ ಹೇಳ್ತೀರಿ," ಎಂದು ಉದ್ದಣ್ಣ ಗೊಣಗುವಷ್ಟರಲ್ಲಿ ಸೈಕಲ್ಲೊಂದು ಗೇಟಿಗೆ ಗುದ್ದಿ ನಿಂತಿತು. ಕೃಷಿ ಕಾಲೇಜಿನ ಕಾವಲುಗಾರ. ಎರಡೂ ಕೈ ಮೊಣಕೈವರೆಗೆ ಕೆಂಪು.

"ಸಾರ್, ಮೆಷಿನ್ ಮೇಷ್ಟ್ರನ್ನ ಯಾರೋ ಜಜ್ಜಿ ಹಾಕಿದ್ದಾರೆ!"

"ಉಸಿರಿದೆಯಾ?"

"ಇದೆ ಅನ್ಬೇಕಷ್ಟೆ. ಆಂಬುಲೆನ್ಸಿಗೆ ಎತ್ತಿ ಹಾಕಿ ನೇರ ಇಲ್ಲಿಗೇ ಬಂದೆ."

ತಾರೀಖು ಹನ್ನೆರಡು, ಬೆಳಿಗ್ಗೆ ಏಳೂ ಹತ್ತಕ್ಕೆ ಕೊಲೆ ಯತ್ನವೆಂದು FIR ದಾಖಲಾಯಿತು. ಗಾಯಾಳು ಕಾಲೇಜಿನ ಕೃಷಿ ಯಂತ್ರ ವಿಭಾಗದ ಮುಖ್ಯಸ್ಥ. ಆರೋಪಿ, ಅಪರಿಚಿತ.

ಯಂತ್ರಗಳ ಶೆಡ್ಡು ಕಾಲೇಜಿನ ಹಿಂಬದಿಯ ಹೊಲದ ಅಂಚಿನಲ್ಲಿತ್ತು. ಎರಡು ಟ್ರ್ಯಾಕ್ಟರು, ಒಂದು ಒಕ್ಕಣೆ ಯಂತ್ರ, ಗೋಡೆಗೆ ನೇತುಹಾಕಿದ ಸ್ಪ್ಯಾನರು, ಪಾನಗಳು. ಗ್ರೀಸು ಮತ್ತು ರಕ್ತ ನೆಲದ ಮೇಲೆ ಒಂದರೊಳಗೊಂದು ಬೆರೆತು ಕಪ್ಪಗೆ ಹೆಪ್ಪುಗಟ್ಟಿದ್ದವು. ಟ್ರೇಲರಿನ ಕೊಂಡಿಯ ಮೇಲೆ ಮಾಂಸದ ಚೂರು ಅಂಟಿತ್ತು. ಚಕ್ರದ ನಟ್ಟು ಬಿಚ್ಚುವ ಉದ್ದನೆಯ ಪಾನ ಅಲ್ಲೇ ಬಿದ್ದಿತ್ತು; ಅದರ ತುದಿಗೆ ಕೂದಲು.

"ಆಸ್ಪತ್ರೆಯಿಂದ ಫೋನ್ ಬಂತು," ಎಂದರು ಮಹಿಳಾ ಹೆಡ್ ಕಾನ್‌ಸ್ಟೇಬಲ್. ಠಾಣೆಯಲ್ಲಿ ಎಲ್ಲರಿಗೂ ಅವರು ದೊಡ್ಡಕ್ಕ. "ತಲೆಬುರುಡೆ ಎರಡು ಕಡೆ ಒಡೆದಿದೆ. ಬಲಗೈ ಅಂಗೈಯಿಂದ ಬೆರಳವರೆಗೆ ಪುಡಿ. ಗಂಡಾಳೇ ಇರ್ಬೇಕು ಸಾರ್, ಈ ಪಾನ ಎತ್ತೋಕೇ ನಂಗೆ ಎರಡು ಕೈ ಬೇಕು."

"ಎರಡು ಕೈ ಎಲ್ಲರಿಗೂ ಇರುತ್ತಲ್ಲ ದೊಡ್ಡಕ್ಕ." ಇನ್ಸ್‌ಪೆಕ್ಟರು ಕೊಂಡಿಯನ್ನೇ ನೋಡುತ್ತಿದ್ದರು. ಕಳ್ಳನಾದರೆ ತಲೆಗೆ ಹೊಡೆದು ಓಡುತ್ತಾನೆ. ಕೈಯನ್ನು ಹುಡುಕಿ ಹೊಡೆದವರಿಗೆ ಆ ಕೈಯ ಮೇಲೇ ಸಿಟ್ಟಿತ್ತು.

ಪಂಚರ ಮುಂದೆ ಕಾವಲುಗಾರ ಹೇಳಿಕೆ ಕೊಟ್ಟ. ಬೆಳಗಿನ ಜಾವ ಪಂಪು ಹಾಕಲು ಬಂದಾಗ ಒಳಗಿಂದ ನರಳಾಟ ಕೇಳಿತು. ಹೊರಗೆ ಬೀಗ. ಕಚೇರಿಯಿಂದ ಇನ್ನೊಂದು ಕೀಲಿ ತಂದ.

"ಬಾಗಿಲು ತೆಗೆಯೋಕೂ ತಡವಾಯ್ತು ಸಾರ್. ಬೀಗದ ಕಣ್ಣು ಬಾಗಿಲ ಕಡೆ ತಿರುಗಿತ್ತು. ಕತ್ತಲಲ್ಲಿ ತಡಕಿ ತಡಕಿ ಕೈ ಸೋತೋಯ್ತು."

"ಮೇಷ್ಟ್ರು ಹಾಗೇ ಹಾಕ್ತಿದ್ರಾ?"

"ಇಲ್ಲ ಸಾರ್. ಅವರು ಒತ್ತಿ ಬಿಟ್ಟು ಹೋಗೋರು, ಅದು ನೆಟ್ಟಗೇ ನೇತಾಡ್ತಿತ್ತು."

ಉದ್ದಣ್ಣ ಅದನ್ನೂ ಪಂಚನಾಮೆಯಲ್ಲಿ ಬರೆದುಕೊಂಡ. ಬೀಗ, ಪಾನ, ರಕ್ತ ಮೆತ್ತಿದ ಚಿಂದಿ ಬಟ್ಟೆ ಜಪ್ತಿಯಾದವು. ಬೀಗದ ಮಾತು ಅಲ್ಲಿಗೇ ನಿಂತಿತು.

ಪ್ರಾಂಶುಪಾಲರು ತಮ್ಮ ಕೋಣೆಯಲ್ಲಿ ಬೆವರುತ್ತ ಕೂತಿದ್ದರು. ವೈರಿಗಳು ಯಾರೂ ಇಲ್ಲ, ದೇವರಂಥ ಮನುಷ್ಯ ಎಂದು ಎರಡು ಸಲ ಹೇಳಿ, ಮೂರನೆಯ ಸಲ ತಡವರಿಸಿದರು.

"ಹೇಳಿ," ಎಂದರು ಇನ್ಸ್‌ಪೆಕ್ಟರು.

"ಒಂದು ಸಣ್ಣ ವಿಷಯ ಇತ್ತು. ಮೂರನೇ ವರ್ಷದ ಹುಡುಗಿ. ಹುಡುಗರು ಅವಳನ್ನ ಟ್ರ್ಯಾಕ್ಟರಮ್ಮ ಅಂತ ಆಡ್ಕೋತಾರೆ. ಟ್ರ್ಯಾಕ್ಟರು ನಡೆಸೋ ಪರೀಕ್ಷೆಗೆ ತಾನೂ ಕೂರ್ತೀನಿ ಅಂತ ಹಟ."

"ಕೂರಬಾರದಾ?"

"ಕಾಲೇಜಿನ ಪದ್ಧತಿ ಸಾರ್. ಹುಡುಗಿಯರಿಗೆ ಕಾಳು ಆರಿಸೋದು, ಬೀಜ ವಿಂಗಡಿಸೋದು. ಜಡೆ ಗಿಡೆ ಮೆಷಿನ್ನಿಗೆ ಸಿಕ್ಕಿಕೊಂಡ್ರೆ ಯಾರು ಹೊಣೆ? ಅವಳು ಬಿಡಲಿಲ್ಲ. ಮೇಷ್ಟ್ರು ಪಾಪ, ಸಂಜೆ ಹೊತ್ತು ಬೇರೆಯಾಗಿ ಕಲಿಸ್ತೀನಿ ಅಂದ್ರು. ಆಮೇಲೆ ಇವಳು, ಮೈ ಮುಟ್ಟಿದ್ರು, ಬಾಗಿಲು ಹಾಕಿದ್ರು ಅಂತ ದೂರು ಕೊಟ್ಳು. ಸಮಿತಿ ಸೇರಿ ರಾಜಿ ಮಾಡಿಸಿದ್ವಿ."

"ಸಮಿತಿ ಅಧ್ಯಕ್ಷರು ಯಾರು?"

"ನಾನೇ."

"ಹೆಂಗಸರು?"

"ಹಾಸ್ಟೆಲಿನ ವಾರ್ಡನಮ್ಮ ಇದ್ದಾರಲ್ಲ. ಅವರೇ ಹುಡುಗಿಗೆ ಬುದ್ಧಿ ಹೇಳಿ ಸಹಿ ಹಾಕಿಸಿದ್ದು."

ಅಷ್ಟರಲ್ಲಿ ದೊಡ್ಡಕ್ಕ ಬಾಗಿಲನ್ನು ಮುಂದಕ್ಕೆ ತಳ್ಳಿದರು. ಅದರ ಹಿಂದಿನ ಗೋಡೆಯ ಮೇಲೆ ಬೋರ್ಡೊಂದಿತ್ತು. ಬಾಗಿಲು ತೆರೆದಿದ್ದರೆ ಕಾಣುವಂತಿರಲಿಲ್ಲ. ಅವರು ಶಾಲೆಯ ಮಗುವಿನ ಹಾಗೆ ಬೆರಳಿಟ್ಟು ಓದಿದರು. ಸಮಿತಿಗೆ ಹಿರಿಯ ಮಹಿಳೆಯೇ ಅಧ್ಯಕ್ಷರಾಗಿರತಕ್ಕದ್ದು. ದೂರು ಕೊಟ್ಟವಳು ತಾನಾಗಿ ಕೇಳಿದರೆ ಮಾತ್ರ ರಾಜಿ. ವಿಚಾರಣೆ ನಡೆಯುವಾಗ ಆರೋಪ ಹೊತ್ತವನು ಅವಳಿಗೆ ಅಂಕ ಕೊಡುವ ಜಾಗದಲ್ಲಿ ಇರಕೂಡದು. ಪೊಲೀಸರ ಬಳಿ ಹೋಗಲು ಬಯಸಿದರೆ ಸಮಿತಿ ನೆರವಾಗಬೇಕು.

"ಇದನ್ನ ಬಾಗಿಲ ಹಿಂದೆ ಯಾಕೆ ಹಾಕಿದ್ದೀರಿ?"

"ಬಾಗಿಲು ಮುಚ್ಚಿದಾಗ ಕಾಣುತ್ತಲ್ಲಮ್ಮ."

"ಯಾವಾಗ ಮುಚ್ತೀರಿ?"

"ಸಮಿತಿ ಸೇರಿದಾಗ," ಎಂದರು ಪ್ರಾಂಶುಪಾಲರು.

ಇನ್ನೊಂದು ವಿಷಯವೂ ಹೊರಬಿತ್ತು. ಹನ್ನೊಂದರ ಸಂಜೆ ಆ ಹುಡುಗಿಯ ಅಣ್ಣ ಗೇಟಿನ ಬಳಿ ಬಂದು, "ಅವನ ಕೈ ಮುರೀದಿದ್ರೆ ನಾನು ನಮ್ಮಪ್ಪನಿಗೆ ಹುಟ್ಟಿದವನೇ ಅಲ್ಲ!" ಎಂದು ಇಡೀ ಕಾಲೇಜು ಕೇಳುವಂತೆ ಕೂಗಿದ್ದ. ವೆಲ್ಡಿಂಗ್ ಅಂಗಡಿಯವನು, ಕಬ್ಬಿಣ ಎತ್ತಿ ಪಳಗಿದ ಕೈ. ಮಧ್ಯಾಹ್ನದೊಳಗೆ ಉದ್ದಣ್ಣ ಅವನನ್ನು ಅಂಗಡಿಯಿಂದಲೇ ಕೊರಳಪಟ್ಟಿ ಹಿಡಿದು ತಂದ.

ವಿಚಾರಣೆಗೆ ಇನ್ಸ್‌ಪೆಕ್ಟರು ಬರುವಷ್ಟರಲ್ಲಿ ಅಣ್ಣನ ತುಟಿ ಒಡೆದು, ಒಂದು ಕಣ್ಣು ಮುಚ್ಚಿಹೋಗಿತ್ತು. ಉದ್ದಣ್ಣನ ಅಂಗೈ ಇನ್ನೂ ಕೆಂಪಗಿತ್ತು.

"ಯಾರು ಹೇಳಿದ್ರು ಮುಟ್ಟೋಕೆ?"

"ಒಪ್ಕೊಂಡಿದ್ದಾನೆ ಸಾರ್."

"ಹೊರಗೆ ಹೋಗಿ ನಿನ್ನ ಜೋಳ ತಿರುವು."

ಇನ್ಸ್‌ಪೆಕ್ಟರು ಒಂದು ಲೋಟ ನೀರು ಕೊಟ್ಟು ಎದುರಿಗೆ ಕೂತರು. ನೀರಿನಲ್ಲಿ ರಕ್ತದ ಎಳೆ ಬಿಚ್ಚಿಕೊಂಡಿತು.

"ನೀನೇನಾ ಹೊಡೆದದ್ದು?"

"ನಾನೇ."

"ಯಾವುದ್ರಲ್ಲಿ?"

"ರಾಡಲ್ಲಿ."

"ಎಲ್ಲಿಗೆ?"

"ತಲೆಗೆ."

"ಇನ್ನೆಲ್ಲಿಗೆ?"

ಅಣ್ಣ ಮುಖ ನೋಡಿದ. "ತಲೆಗೇ ಸಾರ್. ಮೂರ್ನಾಲ್ಕು ಸಲ."

ಕೈಯ ಸುದ್ದಿ ಇವನಿಗೆ ಗೊತ್ತಿಲ್ಲ. ಕಾಳು ಹಲ್ಲಿಗೆ ಮೆತ್ತಗಾಗಿತ್ತು. ಸುಳ್ಳು ಹೇಳಿ ಇವನು ಯಾರನ್ನು ಉಳಿಸುತ್ತಿದ್ದಾನೆ ಎಂಬುದಕ್ಕೆ ಹೆಚ್ಚು ಯೋಚಿಸಬೇಕಿರಲಿಲ್ಲ. ಸಂಜೆ ಆ ತಂಗಿಯೇ ಠಾಣೆಗೆ ಬಂದಳು. ಬಲಗೈಗೆ ಮಣಿಕಟ್ಟಿನವರೆಗೂ ಬ್ಯಾಂಡೇಜು.

"ನಮ್ಮಣ್ಣನ್ನ ಬಿಡಿ. ಹೊಡೆದದ್ದು ನಾನು."

ದೊಡ್ಡಕ್ಕ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಕೇಳದೆಯೇ ಬ್ಯಾಂಡೇಜು ಬಿಚ್ಚಿದರು. ಅಂಗೈ ತುಂಬ ಬೊಕ್ಕೆ. ಕೆಲವು ಒಡೆದು ಹಸಿ ಮಾಂಸ ಕಾಣುತ್ತಿತ್ತು.

"ಈ ಕೈಯಲ್ಲಿ ಒಂದು ಚಮಚ ಹಿಡಿ ನೋಡೋಣ ತಾಯಿ. ಪಾನ ಆಮೇಲೆ."

ಹುಡುಗಿ ಅಂಗೈಯನ್ನು ಮಡಿಲಿಗೆ ಎಳೆದುಕೊಂಡಳು.

"ಇದು ಯಾರು ಮಾಡಿದ್ದು?"

"ಹತ್ತನೇ ತಾರೀಖು ನನ್ನ ಹೆಸರು ಪರೀಕ್ಷೆ ಪಟ್ಟಿಯಲ್ಲಿ ಯಾಕಿಲ್ಲ ಅಂತ ಮೇಷ್ಟ್ರನ್ನ ಕೇಳೋಕೆ ಶೆಡ್ಡಿಗೆ ಹೋದೆ. ಟ್ರ್ಯಾಕ್ಟರು ಓಡ್ತಾ ಇತ್ತು. ರಾಜಿಗೆ ಸಹಿ ಹಾಕಿದ ಕೈ ಯಾವುದು ಅಂತ ಕೇಳಿದ್ರು. ನಾನು ಏನೋ ಬರೆಸ್ಕೋತಾರೆ ಅಂತ ಬಲಗೈ ಮುಂದೆ ಮಾಡಿದೆ." ಅವಳು ಬಿಚ್ಚಿದ ಬ್ಯಾಂಡೇಜಿನ ತುದಿಯನ್ನು ಎಡಗೈಗೆ ಸುತ್ತಿಕೊಂಡಳು. "ಹಿಡಿದು ಹೊಗೆ ಕೊಳವೆ ಮೇಲೆ ಒತ್ತಿದ್ರು. ಇನ್ನು ಸ್ಟೀರಿಂಗು ಹಿಡಿ ಅಂದ್ರು."

ಅಂಗಳದಲ್ಲಿ ಉದ್ದಣ್ಣನ ಕಾಲಿನ ಕೆಳಗೆ ಕಾಳು ಸರಸರ ಅನ್ನುತ್ತಿದ್ದುದು ನಿಂತಿತು.

"ಹನ್ನೊಂದರ ಸಂಜೆ ಎಲ್ಲಿದ್ದೆ?" ಇನ್ಸ್‌ಪೆಕ್ಟರು ಕೇಳಿದರು.

"ಹಾಸ್ಟೆಲಿಂದ ಗೋಡೆ ಹಾರಿ ಬಂದೆ."

"ಈ ಕೈಯಲ್ಲಿ?"

ಅವಳು ತಲೆ ತಗ್ಗಿಸಿದಳು. ಹುಡುಗಿಯರ ಹಾಸ್ಟೆಲಿಗೆ ಸಂಜೆ ಆರಕ್ಕೇ ಬೀಗ. ಹುಡುಗರಿಗೆ ಹಾಗಿಲ್ಲ, ಅವರು ಸಿನಿಮಾ ಮುಗಿಸಿಕೊಂಡೂ ಬರಬಹುದು. ಮೇಷ್ಟ್ರು ಆರೂಕಾಲಿಗೆ ನೆಟ್ಟಗೆ ಓಡಾಡುತ್ತಿದ್ದುದನ್ನು ನೋಡಿದವರಿದ್ದರು. ಹೆಂಗಸರೆಲ್ಲ ಆರಕ್ಕೇ ಒಳಗೆ ಎಂದು ಪ್ರಾಂಶುಪಾಲರು ಹೇಳಿದ್ದರು, ಕಾವಲುಗಾರ ಹೇಳಿದ್ದ, ಕೇಸ್ ಡೈರಿಯಲ್ಲಿ ಇನ್ಸ್‌ಪೆಕ್ಟರೂ ಹಾಗೆಯೇ ಬರೆದಿದ್ದರು. ಅಲ್ಲಿಗೆ ಉಳಿದವನು ಅಣ್ಣನೊಬ್ಬನೇ. ದೊಡ್ಡಕ್ಕ ಹುಡುಗಿಯನ್ನು ಹಾಸ್ಟೆಲಿಗೆ ಬಿಟ್ಟು ಬಂದರು.

ಹದಿಮೂರರ ಮಧ್ಯಾಹ್ನ ಮೆಷಿನ್ ಮೇಷ್ಟ್ರು ಸತ್ತರು. ಪ್ರಕರಣ ಕೊಲೆಗೆ ತಿರುಗಿತು. ಮೇಲಧಿಕಾರಿ ಫೋನಿನಲ್ಲಿ ಗದರಿದರು. "ಒಪ್ಕೊಂಡವನು ಕೈಯಲ್ಲಿದ್ದಾನೆ, ಇನ್ನೇನು ಮುಹೂರ್ತ ನೋಡ್ತಿದ್ದೀರಿ? ನಾಳೆ ಬೆಳಿಗ್ಗೆ ಕೋರ್ಟಿಗೆ ಹಾಜರುಪಡಿಸಿ."

"ಅವನಲ್ಲ ಸಾರ್."

"ಮತ್ತೆ ಯಾರು?"

ಇನ್ಸ್‌ಪೆಕ್ಟರು ಇನ್ನೊಂದು ದಿನ ಕೇಳಿದರು. ಫೋನಿಟ್ಟ ಮರುಗಳಿಗೆಯಲ್ಲೇ ಅದು ಮತ್ತೆ ಹೊಡೆದುಕೊಂಡಿತು. ಹಾಸ್ಟೆಲಿನ ಮೇಲೆ ಕಲ್ಲು ಬೀಳುತ್ತಿದೆ.

ಜೀಪು ಹೋಗಿ ನಿಲ್ಲುವ ಹೊತ್ತಿಗೆ ಕಿಟಕಿಗಳಲ್ಲಿ ಗಾಜು ಉಳಿದಿರಲಿಲ್ಲ. ಸತ್ತವನ ನೆಂಟರು, ಅವನ ಶಿಷ್ಯರು, ಯಾರೆಂದು ತಿಳಿಯದೆ ಸೇರಿಕೊಂಡವರು. "ಅವಳನ್ನ ಹೊರಗೆ ಕಳಿಸಿ!" ಎಂಬ ಕೂಗು. ಒಬ್ಬ ಡೀಸೆಲ್ ಕ್ಯಾನು ಹಿಡಿದಿದ್ದ. ಒಳಗೆ ಹುಡುಗಿಯರು ಕಬ್ಬಿಣದ ಜಾಲರಿಯ ನಡುವೆ ಕೈ ಚಾಚಿ ಕಿರುಚುತ್ತಿದ್ದರು. ಓಡಲು ದಾರಿಯಿಲ್ಲ, ಗಲಾಟೆಯ ಸುದ್ದಿಗೇ ಜಾಲರಿ ಬಾಗಿಲಿಗೆ ಬೀಗ ಬಿದ್ದಿತ್ತು. ಆ ಬೀಗಕ್ಕೆ ಬೆನ್ನು ಕೊಟ್ಟು ವಾರ್ಡನಮ್ಮ ನಿಂತಿದ್ದರು. ಐವತ್ತು ದಾಟಿದ ಹೆಂಗಸು, ದಪ್ಪ ಮೈಕಟ್ಟು, ಸೊಂಟದಲ್ಲಿ ಕೀಲಿ ಗೊಂಚಲು. ಹುಡುಗಿಯರು ಅವರನ್ನು ಬೀಗದಮ್ಮ ಎನ್ನುತ್ತಿದ್ದರು. ಒಂದು ಕಲ್ಲು ಹೆಗಲಿಗೆ ಬಿತ್ತು. ಅವರು ಒಂದು ಹೆಜ್ಜೆಯೂ ಅಲುಗಲಿಲ್ಲ.

"ನನ್ನ ದಾಟಿ ಹೋಗ್ರೋ ನೋಡೋಣ! ಹೆತ್ತವಳ ಹಾಲು ಕುಡಿದಿದ್ರೆ ಬನ್ರೋ!"

ಪೊಲೀಸರು ಲಾಠಿ ಬೀಸಿದರು. ದೊಡ್ಡಕ್ಕನ ಹಣೆ ಒಡೆದು ಕಣ್ಣಿಗೆ ರಕ್ತ ಇಳಿಯಿತು. ಒರೆಸಿಕೊಂಡು ಅವರು ಡೀಸೆಲ್ ಕ್ಯಾನಿನವನ ಮೊಣಕಾಲಿಗೆ ಒಂದು ಬಾರಿಸಿದರು. ಮೂಳೆಯ ಶಬ್ದ ಎಲ್ಲರಿಗೂ ಕೇಳಿತು. ಗುಂಪು ಹಿಂದೆ ಸರಿಯಿತು, ಮತ್ತೆ ಮುನ್ನುಗ್ಗಿತು, ಕೊನೆಗೆ ಜೋಳದ ಹೊಲಗಳತ್ತ ಚೆದುರಿತು.

"ಬಾಗಿಲು ತೆಗೀರಿ," ಎಂದರು ಇನ್ಸ್‌ಪೆಕ್ಟರು. "ಒಳಗೆ ಗಾಜು ಚುಚ್ಚಿಕೊಂಡವರಿದ್ದಾರೆ."

ವಾರ್ಡನಮ್ಮ ತಿರುಗಿದರು. ಎಡಗೈಯಲ್ಲಿ ಬೀಗ ಹಿಡಿದು ಅದರ ಮುಖವನ್ನು ಹೊರಕ್ಕೆ ತಿರುಗಿಸಿ, ಬಲಗೈಯಲ್ಲಿ ಕೀಲಿ ಹಾಕಿದರು. ನೋಡದೆಯೇ ಮಾಡಿದರು, ಜಡೆ ಹೆಣೆಯುವ ಹಾಗೆ ಸಲೀಸು.

ಇನ್ಸ್‌ಪೆಕ್ಟರಿಗೆ ಶೆಡ್ಡಿನ ಬೀಗ ನೆನಪಾಯಿತು. ಗಾಯಗೊಂಡವರನ್ನೆಲ್ಲ ಸಾಗಿಸಿದ ಮೇಲೆ ಕೇಳಿದರು.

"ಬೀಗದ ಕಣ್ಣು ಯಾಕಮ್ಮ ಒಳಮುಖ?"

"ಹುಡುಗರು ಕಡ್ಡಿ ತುರುಕ್ತಾರೆ ಸಾರ್, ಮರಳು ಹಾಕ್ತಾರೆ. ಹಿಂದೆ ಮುಂದೆ ಮಾಡಿ ಹಾಕಿದ್ರೆ ಅವರ ಆಟ ನಡೆಯಲ್ಲ. ಮೊದಲಿಂದ ಹೀಗೇ. ಈಗ ಯಾವ ಬೀಗ ಹಿಡಿದ್ರೂ ಕೈ ತಾನೇ ತಿರುಗಿಸುತ್ತೆ."

ಹೇಳಿ ಮುಗಿಸಿದವರು ಇನ್ಸ್‌ಪೆಕ್ಟರ ಮುಖ ನೋಡಿದರು. ಕೀಲಿ ಗೊಂಚಲಿನ ಸದ್ದು ನಿಂತಿತು.

ಆರಕ್ಕೆ ಹೆಂಗಸರೆಲ್ಲ ಒಳಗೆ. ಇಬ್ಬರು ಹೇಳಿದ್ದರು, ತಾವೂ ಬರೆದಿದ್ದರು. ಹಾಸ್ಟೆಲಿಗೆ ಹೊರಗಿನಿಂದ ಬೀಗ ಹಾಕಿದವರು ಹೊರಗೇ ಇರಬೇಕಲ್ಲ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಜಗಲಿಯ ಕೊನೆಯಲ್ಲಿ, ಜಾಲರಿಯಿಂದ ಈಚೆಗೆ, ವಾರ್ಡನಮ್ಮನ ಒಂಟಿ ಕೋಣೆಯಿತ್ತು. ದೊಡ್ಡಕ್ಕ ಹಣೆಗೆ ಬಟ್ಟೆ ಒತ್ತಿಕೊಂಡೇ ಅದನ್ನು ಶೋಧಿಸಿದರು. ಒಗೆಯುವ ಕಲ್ಲಿನ ಹಿಂದೆ ಒಣಗಲು ನಿಲ್ಲಿಸಿದ್ದ ಚಪ್ಪಲಿಗಳು. ಮೇಲೆ ಉಜ್ಜಿ ತೊಳೆದಿತ್ತು. ಅಟ್ಟೆಯ ಗೆರೆಗಳಲ್ಲಿ ಕಪ್ಪು ಗ್ರೀಸು, ಗ್ರೀಸಿನೊಳಗೆ ಕಂದು ಬಣ್ಣ. ಪಂಚರನ್ನು ಕರೆಸಿ, ಚಪ್ಪಲಿಯ ಜೊತೆ ಹಾಸ್ಟೆಲಿನ ಬೀಗವನ್ನೂ ಜಪ್ತಿ ಮಾಡಿ, ಎರಡನೇ ಪಂಚನಾಮೆ ಬರೆದರು.

"ಹನ್ನೊಂದರ ಸಂಜೆ?" ಇನ್ಸ್‌ಪೆಕ್ಟರು ಕೇಳಿದರು.

"ಬೀಗ ಹಾಕಿ ಶೆಡ್ಡಿಗೆ ಹೋದೆ." ಧ್ವನಿಯಲ್ಲಿ ಏರಿಳಿತವಿರಲಿಲ್ಲ.

"ಹೊಡೆಯೋಕಾ?"

"ಕೇಳೋಕೆ. ಹುಡುಗಿನ ಪರೀಕ್ಷೆಗೆ ಕೂರಿಸು, ಇನ್ನು ಅವಳ ತಂಟೆಗೆ ಹೋಗಬೇಡ ಅಂತ ಕೇಳೋಕೆ. ಅವನು ಟ್ರೇಲರಿನ ಕೊಂಡಿ ಹಿಡ್ಕೊಂಡು ಬಗ್ಗಿದ್ದ. ತಲೆ ಎತ್ತಲೂ ಇಲ್ಲ. 'ರಾಜಿ ಮಾಡಿಸಿದವರು ನೀವೇ ಅಲ್ವಾ ಅಕ್ಕ? ಇನ್ನೊಂದು ಸಲ ಮಾಡಿಸಿ' ಅಂತ ನಕ್ಕ."

"ಆಮೇಲೆ?"

"ಪಾನ ಕೈಗೆ ಸಿಕ್ತು. ಮೊದಲು ಕೈಗೆ ಹೊಡೆದೆ. ಕೊಂಡಿ ಮೇಲೆ ಇತ್ತಲ್ಲ, ಅಲ್ಲೇ. ಕೂಗಿದ. ಇನ್ನೊಂದು ಹಾಕಿದೆ. ಬಿದ್ದ ಮೇಲೆ ತಲೆಗೆ ಎರಡು."

"ನಿಲ್ಲಿಸಬಹುದಿತ್ತಲ್ಲ?"

"ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಶೆಡ್ಡಿಗೆ ಬೀಗ ಹಾಕಿ ಬಂದು ಹುಡುಗಿಯರಿಗೆ ಊಟ ಬಡಿಸಿದೆ."

"ಅವಳ ಅಣ್ಣ ಒಳಗೆ ಕೂತಿದ್ದ. ಗೊತ್ತಿತ್ತು ತಾನೆ?"

ವಾರ್ಡನಮ್ಮ ಸೊಂಟದ ಕೀಲಿ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದರು. "ಗಂಡಸರ ಜಗಳ ಅಂತ ಬಿಟ್ಟುಬಿಡ್ತೀರಿ ಅಂದ್ಕೊಂಡೆ. ನಿನ್ನೆಯಿಂದ ನಾಲ್ಕು ಸಲ ಠಾಣೆ ಗೇಟಿನವರೆಗೂ ಬಂದೆ ಸಾರ್. ಅಂಗಳದಲ್ಲಿ ಜೋಳ ತಿರುವ್ತಾ ಇದ್ರಲ್ಲ, ಅವರನ್ನ ಕೇಳಿ. ಯಾಕಮ್ಮ ಅಂದ್ರು. ಏನಿಲ್ಲ ಅಂದೆ."

ಉದ್ದಣ್ಣ ಹೌದೆಂದು ತಲೆಯಾಡಿಸಿದ. ಅವನ ಮುಖ ಸಣ್ಣದಾಗಿತ್ತು.

"ಸಮಿತಿ ಕೋಣೆಯಲ್ಲಿ ಅವಳು ಸಹಿ ಹಾಕಲ್ಲ ಅಂತ ಕೂತಿದ್ಳು," ವಾರ್ಡನಮ್ಮ ಕೇಳದೆಯೇ ಮುಂದುವರಿಸಿದರು. "ನಾಳೆ ಮದುವೆ ಆಗ್ಬೇಕಾದವಳು, ಮಾನ ಮರ್ಯಾದೆ ಅಂತ ನಾನೇ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿ, ಕೈ ಹಿಡಿದು ಹಾಕಿಸಿದೆ. ಅದೇ ಕೈನ ಅವನು ಸುಟ್ಟ. ನನ್ನ ಕೋಣೆಗೆ ಬಂದು ಅದನ್ನ ಮುಂದೆ ಚಾಚಿದ್ಳು. ಒಂದು ಮಾತೂ ಆಡ್ಲಿಲ್ಲ. ಬೈದಿದ್ರೆ ನಾನು ಬದುಕ್ಕೊಳ್ತಿದ್ದೆ."

ಹದಿಮೂರರ ಸಂಜೆ ಐದೂವರೆಗೆ ಬಂಧನ ದಾಖಲಾಯಿತು. ಶೆಡ್ಡಿನ ಬೀಗದ ಮೇಲಿನ ಬೆರಳಚ್ಚು ವಾರ್ಡನಮ್ಮನದಕ್ಕೆ ಹೊಂದಿತೆಂದು ಮರುದಿನ ವರದಿ ಬಂತು. ಜೀಪು ಹತ್ತುವ ಮುನ್ನ ವಾರ್ಡನಮ್ಮ ಕೀಲಿ ಗೊಂಚಲನ್ನು ದೊಡ್ಡಕ್ಕನ ಕೈಗಿತ್ತು, "ಆ ಹುಡುಗಿಗೆ ಹೇಳಿ, ಅವಳ ಋಣ ತೀರಿಸಿದೆ," ಎಂದರು.

ಹದಿನಾಲ್ಕರ ಬೆಳಿಗ್ಗೆ ಅಣ್ಣನನ್ನು ಬಿಟ್ಟರು. ಅವನ ಮುಚ್ಚಿದ ಕಣ್ಣು ಇನ್ನೂ ತೆರೆದಿರಲಿಲ್ಲ. ಉದ್ದಣ್ಣ ಬಾಗಿಲಲ್ಲಿ ಅಡ್ಡ ನಿಂತು, "ತಪ್ಪಾಯ್ತಪ್ಪ," ಎಂದ. ಅಣ್ಣ ಅವನನ್ನೂ ಜೋಳದ ರಾಶಿಯನ್ನೂ ನೋಡಿ, ಹೊರಗೆ ಹೋಗಿ ಬೇಲಿಯ ನೆರಳಲ್ಲಿ ಕುಕ್ಕರಿಸಿದ. ತಂಗಿ ಒಳಗೆ ಬಂದಳು. ದೊಡ್ಡಕ್ಕ ವಾರ್ಡನಮ್ಮನ ಮಾತು ಮುಟ್ಟಿಸಿದರು.

"ನಾನು ಕೇಳಿದ್ನಾ?" ಎಂದಳು ಹುಡುಗಿ.

ದೊಡ್ಡಕ್ಕ ಕೀಲಿ ಗೊಂಚಲನ್ನು ಮೇಜಿನ ಮೇಲಿಟ್ಟರು.

"ನನಗೆ ಬೇಕಾದದ್ದು ಅವನು ನನ್ನೆದುರು ಕೂತು ಉತ್ತರ ಹೇಳೋದು. ಸಾರ್, ಈಗ ನನ್ನ ದೂರು ತಗೋತೀರಾ?"

ಇನ್ಸ್‌ಪೆಕ್ಟರು ಮೇಜಿನ ಮೇಲಿದ್ದ ಒಂದು ಕಾಳನ್ನು ಬೆರಳಿನಿಂದ ಉರುಳಿಸುತ್ತಿದ್ದರು. "ಸತ್ತವನ ಮೇಲೆ ಕೇಸು ನಡೆಯಲ್ಲಮ್ಮ. ಅವನು ಮಾಡಿದ್ದನ್ನೆಲ್ಲ ಕೊಲೆ ಕೇಸಿನ ಹೇಳಿಕೆಯಲ್ಲಿ ಬರೀತೀವಿ. ಕಾರಣ ಅಂತ ಬರುತ್ತೆ."

"ಅದು ಬೀಗದಮ್ಮನ ಕೇಸು. ನಂದು ಎಲ್ಲಿ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಮೇಜಿನ ಮೇಲಿಂದ ಒಂದು ಬಿಳಿ ಹಾಳೆ ಎಳೆದುಕೊಂಡಳು.

"ಬಾಗಿಲು ಮುಚ್ಚಿದ್ರೆ ಕಾಣೋ ಬೋರ್ಡು ಇದೆಯಲ್ಲ, ಅದನ್ನ ನೇತುಹಾಕಿದವರು ಬದುಕಿದ್ದಾರೆ ತಾನೆ?"

"ಇದ್ದಾರೆ."

"ಅವರ ಮೇಲೆ ನಡೆಯುತ್ತಾ?"

"ಕಷ್ಟ ಇದೆ," ಎಂದರು ಇನ್ಸ್‌ಪೆಕ್ಟರು. ಕಾಳನ್ನು ಬದಿಗೆ ಸರಿಸಿ, "ನಡೆಸೋಣ," ಎಂದರು.

ದೊಡ್ಡಕ್ಕ ಪೆನ್ನು ಹಿಡಿದು, "ನೀನು ಹೇಳು, ನಾನು ಬರೀತೀನಿ," ಎಂದು ಕೈ ಚಾಚಿದರು. ಹುಡುಗಿ ಆ ಪೆನ್ನನ್ನು ತಾನೇ ತೆಗೆದುಕೊಂಡಳು.

"ಬೇಡಕ್ಕ. ಹಿಂದೆ ಒಬ್ಬರು ಹಿಡಿದು ಬರೆಸಿದ್ದು ಸಾಕು."

ಎಡಗೈಯಲ್ಲಿ ಬರೆಯತೊಡಗಿದಳು. ಅಕ್ಷರಗಳು ಮೊದಲ ಸಲ ನಡೆಯುವ ಕರುವಿನ ಕಾಲಿನಂತೆ ಸೊಟ್ಟ ಸೊಟ್ಟ. ಒಂದು ಸಾಲಿಗೆ ಬಹಳ ಹೊತ್ತು ಹಿಡಿಯಿತು. ಮಧ್ಯೆ ಕಾಲೇಜಿನ ಜವಾನ ಬಂದು, ಜಪ್ತಿಯಾದ ಹಾಸ್ಟೆಲಿನ ಬೀಗ ಎಂದು ಸಿಗುತ್ತದೆಂದು ಪ್ರಾಂಶುಪಾಲರು ಕೇಳಿದ್ದಾರೆ, ಸಂಜೆ ಆರಕ್ಕೆ ಬೇಕಿತ್ತು ಎಂದ. ಉದ್ದಣ್ಣ ಅವನನ್ನು ಹೆಗಲು ಹಿಡಿದು ಹೊರಗೆ ಕರೆದೊಯ್ದ.

ಅಂಗಳದಲ್ಲಿ ಬಿಸಿಲೇರಿತ್ತು. ಇನ್ಸ್‌ಪೆಕ್ಟರು ಕಾಳನ್ನು ಬಾಯಿಗೆ ಹಾಕಿ ಕಡಿದರು. ಕಟ್ಟೆಂದಿತು. ತೀರಿತು ಎಂದು ಒಬ್ಬಳು ಹೇಳಿ ಹೋದ ಋಣ ಇನ್ನೊಬ್ಬಳ ಎಡಗೈಯಲ್ಲಿ ಮೊದಲ ಸಾಲನ್ನೂ ದಾಟಿರಲಿಲ್ಲ. ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಹಾಳೆ ಗಾಳಿಗೆ ಹಾರದಂತೆ ಅದರ ಅಂಚಿನ ಮೇಲೆ ಎರಡು ಬೆರಳಿಟ್ಟು ಕಾಯುತ್ತ ಕೂತರು.